ದಿನಕ್ಕೆ 108 ಸೂರ್ಯ ನಮಸ್ಕಾರ ಎಲ್ಲರಿಗೂ ಸರಿಯೇ? ಲೆಕ್ಕ ಕಲಿಸಿದ ಔಂಧದ ರಾಜನ ಕಥೆ

ರಥಸಪ್ತಮಿ ಹತ್ತಿರ ಬಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡತೊಡಗುತ್ತದೆ. ದಿನಕ್ಕೆ 108 ಸೂರ್ಯ ನಮಸ್ಕಾರ ಹಾಕಿದರೆ ಯಾವ ಕಾಯಿಲೆಯೂ ಹತ್ತಿರ ಸುಳಿಯುವುದಿಲ್ಲ, ನಾಳೆಯಿಂದಲೇ ಶುರು ಮಾಡಿ ಎನ್ನುವುದು ಅದರ ಸಾರಾಂಶ. ಓದಿದವರ ವಯಸ್ಸೆಷ್ಟು, ಬಿಪಿ ಇದೆಯೇ, ಮೊಣಕಾಲು ಹೇಗಿದೆ ಎಂದು ಆ ಸಂದೇಶ ಕೇಳುವುದಿಲ್ಲ.

ಸೂರ್ಯ ನಮಸ್ಕಾರಕ್ಕೆ ಹೀಗೆ ಸಂಖ್ಯೆ ಕಟ್ಟಿ ಊರೂರಿಗೆ ಹಬ್ಬಿಸಿದವರಲ್ಲಿ ಮುಖ್ಯವಾದ ಹೆಸರು ಔಂಧ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿಯವರದು. ಅವರ ಬದುಕನ್ನು ನೋಡಿದರೆ ಈ ಫಾರ್ವರ್ಡ್‌ನಲ್ಲಿ ಉಳಿದದ್ದೇನು, ಬಿಟ್ಟುಹೋದದ್ದೇನು ಎಂಬುದು ತಿಳಿಯುತ್ತದೆ.

ಯಾರು ಈ ರಾಜ?

ಭವಾನರಾವ್ ಹುಟ್ಟಿದ್ದು 1868ರಲ್ಲಿ. ಔಂಧ ಇರುವುದು ಇಂದಿನ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ. ಆದರೆ ಈ ಸಂಸ್ಥಾನದ ಊರುಗಳು ಒಂದೇ ಕಡೆ ಇರಲಿಲ್ಲ. ಅದರ ಒಂದು ತುಂಡು ನಮ್ಮ ಗುಣದಾಳ. ಜಮಖಂಡಿಯಿಂದ ಕೃಷ್ಣೆ ದಾಟಿದರೆ ಸಿಗುವ ವಿಜಯಪುರ ಜಿಲ್ಲೆಯ ಕನ್ನಡದ ಊರು ಅದು.

1909ರಲ್ಲಿ ಗದ್ದುಗೆ ಏರಿದ ಅವರು ಚಿತ್ರಕಾರರೂ ಆಗಿದ್ದರು, ಕೀರ್ತನಕಾರರೂ ಆಗಿದ್ದರು. ಬೆಳಗಾವಿಯಲ್ಲಿ ಜಾಗ ಕಳೆದುಕೊಂಡ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರಿಗೆ ತಮ್ಮ ಸಂಸ್ಥಾನದಲ್ಲಿ ನೆಲ ಕೊಟ್ಟವರು ಇವರೇ. 1910ರಲ್ಲಿ ಅಲ್ಲಿ ಎದ್ದ ಊರೇ ಕಿರ್ಲೋಸ್ಕರವಾಡಿ. 1939ರಲ್ಲಿ ಗಾಂಧೀಜಿಯವರ ಸಲಹೆ ಪಡೆದು ಆಡಳಿತವನ್ನೇ ಪ್ರಜೆಗಳ ಕೈಗೆ ಒಪ್ಪಿಸಿದರು.

ಸ್ಯಾಂಡೋನಿಂದ ಸೂರ್ಯನವರೆಗೆ

ನಾವು ಇಂದಿಗೂ ಹಾಕಿಕೊಳ್ಳುವ ಸ್ಯಾಂಡೋ ಬನಿಯನ್‌ಗೆ ಹೆಸರು ಕೊಟ್ಟ ಯೂಜೀನ್ ಸ್ಯಾಂಡೋ ಆ ಕಾಲದಲ್ಲಿ ಜಗತ್ತಿಗೇ ಹೆಸರಾದ ಜಟ್ಟಿ. 19ನೇ ಶತಮಾನದ ಕೊನೆಯಲ್ಲಿ ಭವಾನರಾವ್ ಅವನ ಪುಸ್ತಕ, ಸಲಕರಣೆ ತರಿಸಿಕೊಂಡು ಸುಮಾರು ಹತ್ತು ವರ್ಷ ಬಿಡದೆ ಕಸರತ್ತು ಮಾಡಿದರು. ವ್ಯಾಯಾಮವನ್ನು ವಯಸ್ಸಿಗೆ ತಕ್ಕಂತೆ ಎಣಿಸಿ ಹೇಳುವುದು, ಮೈಯ ಅಳತೆ ಬರೆದಿಡುವುದು ಸ್ಯಾಂಡೋ ಪದ್ಧತಿಯ ಭಾಗವಾಗಿತ್ತು.

1908ರ ಹೊತ್ತಿಗೆ ಮಿರಜದ ರಾಜರು ಅವರನ್ನು ಸೂರ್ಯ ನಮಸ್ಕಾರಕ್ಕೆ ತಿರುಗಿಸಿದರು. ಮಿರಜದವರು ಪಟವರ್ಧನರು. ಜಮಖಂಡಿಯನ್ನು ಆಳಿದ್ದೂ ಇದೇ ಮನೆತನದ ಕವಲು. ನಮಸ್ಕಾರ ಹಾಕುವುದು ಹೊಸದೇನಲ್ಲ, ಗರಡಿಮನೆಯ ದಂಡವೂ ಅದಕ್ಕೆ ಹತ್ತಿರದ್ದೇ. ರಾಜರು ಮಾಡಿದ್ದು ಬೇರೆ ಕೆಲಸ. ಅದನ್ನು ಹತ್ತು ಹಂತಗಳಾಗಿ ಬಿಡಿಸಿದರು, ಉಸಿರಿನ ಕ್ರಮ ಹೇಳಿದರು, ಸಂಸ್ಥಾನದ ಶಾಲೆಗಳಲ್ಲಿ ಕಡ್ಡಾಯ ಮಾಡಿದರು. 1928ರಲ್ಲಿ ಇಂಗ್ಲಿಷ್ ಪುಸ್ತಕ ಬಂತು. 1938ರಲ್ಲಿ ಲಂಡನ್ನಿನಲ್ಲೂ ಒಂದು ಪುಸ್ತಕ ಪ್ರಕಟವಾಯಿತು. ಬೆಂಗಳೂರಿನ ಪ್ರಸಿದ್ಧ ವ್ಯಾಯಾಮ ಗುರು ಕೆ.ವಿ. ಅಯ್ಯರ್ ಕೂಡ ಆ ದಶಕದಲ್ಲಿ ಸೂರ್ಯ ನಮಸ್ಕಾರದ ಬಗ್ಗೆ ಪುಸ್ತಕ ಬರೆದರು.

ರಾಜರು ಸರಿಯಾಗಿ ಹೇಳಿದ್ದೇನು?

ರಾಜರ ಪದ್ಧತಿಗೆ ದುಡ್ಡು ಬೇಡ, ಸಲಕರಣೆ ಬೇಡ, ಹಾಸುವಷ್ಟು ಜಾಗ ಸಾಕು. ಹೆಂಗಸರೂ ಮಾಡಬೇಕೆಂದು ಅವರು ಒತ್ತಿ ಹೇಳಿದರು. ಅದಕ್ಕಿಂತ ಮುಖ್ಯವಾಗಿ, ಎಲ್ಲರಿಗೂ ಒಂದೇ ಸಂಖ್ಯೆ ಹೇಳಲಿಲ್ಲ. ಮಕ್ಕಳಿಗೆ ಕಡಿಮೆ, ಬೆಳೆದಂತೆ ಹೆಚ್ಚು, ಪಳಗಿದ ದೊಡ್ಡವರಿಗೆ ದಿನಕ್ಕೆ 300ರವರೆಗೆ ಎಂಬ ಮೆಟ್ಟಿಲುಗಳಿದ್ದವು. ಔಷಧಿಯಂತೆ ವ್ಯಾಯಾಮಕ್ಕೂ ಪ್ರಮಾಣ ಇರುತ್ತದೆ ಎಂಬ ಈ ಮಾತು ಇಂದಿನ ವಿಜ್ಞಾನಕ್ಕೂ ಒಪ್ಪಿಗೆ. ಫಾರ್ವರ್ಡ್ ಮಾಡುವವರು ಸಂಖ್ಯೆ ಇಟ್ಟುಕೊಂಡರು, ಮೆಟ್ಟಿಲು ಬಿಟ್ಟರು.

ಎಡವಿದ್ದೆಲ್ಲಿ?

ನಮಸ್ಕಾರ ಹಾಕುವವರಿಗೆ ರೋಗವೇ ಬಾರದು ಎಂಬಷ್ಟು ದೂರ ರಾಜರ ನಂಬಿಕೆ ಹೋಗಿತ್ತು. ಅದಕ್ಕೆ ಅವರು ಕೊಟ್ಟ ದೊಡ್ಡ ಸಾಕ್ಷಿ ಅವರದೇ ದೇಹ. 1951ರಲ್ಲಿ ತೀರಿಕೊಂಡಾಗ ಅವರಿಗೆ 82 ವರ್ಷ. ಆ ಕಾಲಕ್ಕೆ ಅದು ದೀರ್ಘಾಯುಷ್ಯವೇ. ಆದರೆ ಒಬ್ಬರ ಆಯುಷ್ಯ ಪುರಾವೆ ಆಗುವುದಿಲ್ಲ. ಹೊಟ್ಟೆ ತುಂಬ ಊಟ, ಒಳ್ಳೆಯ ವೈದ್ಯರು, ಬಿಡುವು ಎಲ್ಲವೂ ರಾಜರಿಗೆ ಇತ್ತು. ಇನ್ನೊಂದು ಮಾತು: ವಯಸ್ಸು ಒಂದೇ ಇದ್ದರೂ ಮೈ ಒಂದೇ ಇರುವುದಿಲ್ಲ. ಮುಧೋಳದ ಹೊಲದಲ್ಲಿ ಕಬ್ಬು ಕಡಿಯುವ 40ರ ಆಳಿಗೂ, ಬನಹಟ್ಟಿಯಲ್ಲಿ ದಿನವಿಡೀ ಅಂಗಡಿ ಗಲ್ಲೆಯ ಮೇಲೆ ಕೂರುವ 40ರ ವ್ಯಾಪಾರಿಗೂ ಒಂದೇ ಲೆಕ್ಕ ಹೊಂದುವುದಿಲ್ಲ.

ರೂಢಿ ಇಲ್ಲದವರು ಒಂದೇ ದಿನ 108 ಹಾಕಿದರೆ ಭುಜ, ಮಣಿಕಟ್ಟು, ಸೊಂಟ ಹಿಡಿದುಕೊಳ್ಳಬಹುದು. ಅಪರೂಪಕ್ಕೆ ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೂ ತೊಂದರೆ ಆಗುತ್ತದೆ. ವಿಪರೀತ ಮೈನೋವಿನ ಜೊತೆ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ನಿಮ್ಮ ಲೆಕ್ಕ ಎಷ್ಟು?

ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಹೃದಯದ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ ಇದೆಯೇ? ನಡೆದಾಗ ಎದೆನೋವು, ತಲೆಸುತ್ತು ಬರುತ್ತದೆಯೇ? ಕೀಲುನೋವು ಇದೆಯೇ? ಗರ್ಭಿಣಿಯೇ? ಒಂದಕ್ಕೆ ಹೌದು ಎಂದರೂ ವೈದ್ಯರನ್ನು ಕಂಡು ಶುರು ಮಾಡಿ.

ಆರೋಗ್ಯವಾಗಿದ್ದೀರಾ? ಹಾಗಿದ್ದರೆ ಹೀಗೆ ಮಾಡಿ:

• ಬೆಳಿಗ್ಗೆ ಎದ್ದ ಕೂಡಲೇ ಒಂದು ನಿಮಿಷದ ನಾಡಿಬಡಿತ ಎಣಿಸಿ ಬರೆದಿಡಿ. ಸಾಮಾನ್ಯವಾಗಿ 60ರಿಂದ 100ರೊಳಗೆ ಇರುತ್ತದೆ. ಅಭ್ಯಾಸ ಕೂಡಿದಂತೆ ಇದು ಇಳಿಯುವುದು ಒಳ್ಳೆಯ ಸೂಚನೆ.

• ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡಿ. ತಿಂಗಳ ನಂತರ ಮತ್ತೆ ಎಣಿಸಿ, ನಿಮ್ಮದೇ ಹಳೆಯ ಸಂಖ್ಯೆಯ ಜೊತೆ ಹೋಲಿಸಿ.

• ನಾಲ್ಕೈದು ನಮಸ್ಕಾರದಿಂದ ಆರಂಭಿಸಿ. ಮಾಡುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದು ಮಧ್ಯಮ ಶ್ರಮ. ಒಂದೆರಡು ಮಾತಿಗೇ ಏದುಸಿರು ಬಂದರೆ ವೇಗ ಇಳಿಸಿ.

• ಮರುದಿನ ಮೈ ಹಗುರಾಗಿದ್ದರೆ ವಾರಕ್ಕೆ ಒಂದೆರಡು ಹೆಚ್ಚಿಸಿ. ನೋವಿದ್ದರೆ ಅಲ್ಲೇ ನಿಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಎರಡು ದಿನ ಸ್ನಾಯು ಗಟ್ಟಿಯಾಗಿಸುವ ಕೆಲಸ ಬೇಕು. ಸೂರ್ಯ ನಮಸ್ಕಾರ ಇದಕ್ಕೆ ನೆರವಾಗುತ್ತದೆ. ಆದರೆ ಅದರಲ್ಲಿ ಕೈ ನೆಲವನ್ನು ತಳ್ಳುತ್ತದೆಯೇ ಹೊರತು ಏನನ್ನೂ ಎಳೆಯುವುದಿಲ್ಲ. ಹಾಗಾಗಿ ನಡಿಗೆಯ ಜೊತೆಗೆ ಬಿಂದಿಗೆ ಎತ್ತುವುದು, ಬಾವಿಯಿಂದ ನೀರು ಸೇದುವಂಥ ಎಳೆಯುವ ಕೆಲಸವೂ ಇರಲಿ.

ನಾವು ಹೇಳುವುದಿಷ್ಟು

ಸೂರ್ಯ ನಮಸ್ಕಾರ ಒಳ್ಳೆಯ ವ್ಯಾಯಾಮ, ನಿಜ. ದಿನಕ್ಕೆ 108 ಹಾಕಿದರೆ ರೋಗವೇ ಬರುವುದಿಲ್ಲ ಎನ್ನುವುದು ಸುಳ್ಳು. ನಾಳೆಯಿಂದಲೇ ಎಲ್ಲರೂ 108 ಹಾಕಿ ಎನ್ನುವುದು ಅಪಾಯಕಾರಿ ಸಲಹೆ. ಆ ಸಂದೇಶ ಮತ್ತೆ ಬಂದರೆ ಸುಮ್ಮನೆ ಅಳಿಸಬೇಡಿ. ನಾಲ್ಕರಿಂದ ಶುರು ಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಏರಿ ಎಂದು ಒಂದು ಸಾಲು ಸೇರಿಸಿ ಕಳಿಸಿ.