ವೆಂಟಿಲೇಟರ್‌ಗೆ ಹೃದಯದ ಲೆಕ್ಕ ಕಲಿಸಿದ ವಲಸಿಗ ವೈದ್ಯ

ನಾಸಿಕ್ ಜಿಲ್ಲೆಯ ನಿಫಾಡ್ ಎಂದರೆ ದ್ರಾಕ್ಷಿ ಮತ್ತು ಈರುಳ್ಳಿ. ಪ್ರಸಿದ್ಧ ಲಾಸಲಗಾಂವ್ ಈರುಳ್ಳಿ ಮಾರುಕಟ್ಟೆ ಇರುವುದು ಇದೇ ತಾಲ್ಲೂಕಿನಲ್ಲಿ. ಧಾರವಾಡ ಕಡೆಯವನಾದ ನಾನು ಇಲ್ಲಿ ತೀವ್ರ ನಿಗಾ ಘಟಕದ ವೈದ್ಯ. ಊರಿನಲ್ಲಿ ಕನ್ನಡದಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನೇ ಇಲ್ಲಿ ಮರಾಠಿಯಲ್ಲಿ ಕೇಳುತ್ತೇನೆ: ವೆಂಟಿಲೇಟರ್ ಹಾಕಿದರೆ ಕಥೆ ಮುಗಿದಂತೆಯೇ ಎಂದು. ಮುಗಿದಂತಲ್ಲ. ಆದರೆ ಆ ಭಯಕ್ಕೆ ಆಧಾರವೇ ಇಲ್ಲ ಎನ್ನುವಂತೆಯೂ ಇಲ್ಲ. ಯಂತ್ರ ಜೋಡಿಸಿದ ಕೆಲವೇ ನಿಮಿಷಗಳಲ್ಲಿ ಕೆಲವರ ರಕ್ತದೊತ್ತಡ ಕುಸಿಯುವುದುಂಟು. ಹೀಗೇಕೆ ಎಂಬುದನ್ನು ಮನುಷ್ಯರಲ್ಲೇ ಅಳೆದು ತೋರಿಸಿದವರಲ್ಲಿ ಪ್ರಮುಖರು ಆಂಡ್ರೆ ಕೂರ್ನಾಂಡ್. ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದವರೇ.

ಕೂರ್ನಾಂಡ್ ಹುಟ್ಟಿದ್ದು 1895ರ ಸೆಪ್ಟೆಂಬರ್ 24ರಂದು, ಪ್ಯಾರಿಸ್‌ನಲ್ಲಿ. ತಂದೆ ದಂತವೈದ್ಯರು. ವೈದ್ಯಕೀಯ ಓದುತ್ತಿದ್ದಾಗಲೇ ಮೊದಲ ಮಹಾಯುದ್ಧ ಬಂತು. 1915ರಲ್ಲಿ ಸೇನೆ ಸೇರಿ, ಪದಾತಿದಳದ ಸಹಾಯಕ ವೈದ್ಯರಾಗಿ ದುಡಿದು, ಶೌರ್ಯ ಪದಕ ಪಡೆದು ಮರಳಿದರು. ವೈದ್ಯ ಪದವಿ ಕೈಗೆ ಬಂದಾಗ 1930. ಅದೇ ವರ್ಷ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಕ್ಷಯರೋಗ ವಿಭಾಗಕ್ಕೆ ಬಂದವರು ಅಲ್ಲಿಯೇ ನೆಲೆಯೂರಿದರು. 1941ರಲ್ಲಿ ಅಮೆರಿಕದ ಪೌರರಾದರು.

ಬೆಲ್‌ವ್ಯೂನಲ್ಲಿ ಅವರಿಗೆ ಸಿಕ್ಕ ಜೊತೆಗಾರ ಡಿಕಿನ್ಸನ್ ರಿಚರ್ಡ್ಸ್. ಹೃದಯ, ಶ್ವಾಸಕೋಶ, ರಕ್ತಪರಿಚಲನೆ ಬೇರೆ ಬೇರೆಯಲ್ಲ, ಒಂದೇ ವ್ಯವಸ್ಥೆ ಎಂಬ ನಂಬಿಕೆಯಿಂದ ಇಬ್ಬರೂ ಹೊರಟರು. ಹೃದಯ ನಿಮಿಷಕ್ಕೆ ಎಷ್ಟು ರಕ್ತ ತಳ್ಳುತ್ತದೆ ಎಂದು ಸರಿಯಾಗಿ ಲೆಕ್ಕ ಹಾಕಲು ಹೃದಯದ ಬಲಭಾಗದಿಂದಲೇ ರಕ್ತದ ಮಾದರಿ ಬೇಕಿತ್ತು. ಜರ್ಮನಿಯ ವೆರ್ನರ್ ಫೋರ್ಸ್‌ಮನ್ 1929ರಲ್ಲಿ ತನ್ನದೇ ತೋಳಿನ ರಕ್ತನಾಳದಿಂದ ಹೃದಯದವರೆಗೆ ಕೊಳವೆ ತೂರಿಸಿಕೊಂಡಿದ್ದರು. ಹೆಚ್ಚಿನವರು ಅದನ್ನು ಹುಚ್ಚು ಸಾಹಸವೆಂದು ಬದಿಗಿಟ್ಟಿದ್ದರು. ಕೂರ್ನಾಂಡ್ ಬದಿಗಿಡಲಿಲ್ಲ. ಮೊದಲು ಪ್ರಾಣಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, 1940ರ ದಶಕದ ಆರಂಭದಲ್ಲಿ ಆ ಕೊಳವೆಯನ್ನು ರೋಗಿಗಳಲ್ಲಿ ಬಳಸುವಂಥ ಸುರಕ್ಷಿತ ಸಾಧನವಾಗಿಸಿದರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಈ ತಂಡ ರಕ್ತಸ್ರಾವ, ಪೆಟ್ಟು, ಸುಟ್ಟಗಾಯಗಳಿಂದ ಆಘಾತಕ್ಕೊಳಗಾದವರ ಹೃದಯದ ಸ್ಥಿತಿಯನ್ನು ಅಳೆಯಿತು. 1944ರಲ್ಲಿ ಕೂರ್ನಾಂಡ್ ಅವರ ದತ್ತುಪುತ್ರ ಫ್ರಾನ್ಸ್‌ನಲ್ಲಿ ಹೋರಾಡುತ್ತಾ ಮಡಿದ. ಕೆಲಸ ನಿಲ್ಲಲಿಲ್ಲ.

ಎತ್ತರದಲ್ಲಿ ಹಾರುವ ಪೈಲಟ್‌ಗಳಿಗೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಡುವ ವಿಧಾನ ಆಗ ಬಳಕೆಗೆ ಬಂದಿತ್ತು. ಹೀಗೆ ಗಾಳಿ ತಳ್ಳಿದರೆ ಹೃದಯಕ್ಕೆ ಏನಾಗುತ್ತದೆ? 1948ರಲ್ಲಿ ಕೂರ್ನಾಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು.

ಅದನ್ನು ನಾನು ಇಲ್ಲಿನ ರೈತರಿಗೆ ದ್ರಾಕ್ಷಿತೋಟದ ಪಂಪಿನ ಹೋಲಿಕೆಯಿಂದಲೇ ವಿವರಿಸುತ್ತೇನೆ. ಮೋಟಾರು ಎಷ್ಟೇ ಗಟ್ಟಿಯಿರಲಿ, ಬಾವಿಯಿಂದ ನೀರೆಳೆಯುವ ಪೈಪನ್ನು ಅದುಮಿದರೆ ಹನಿ ನೀರಾವರಿಯ ಕೊನೆಯ ಬಳ್ಳಿಗೆ ನೀರು ತಲುಪದು. ನಾವು ಸಹಜವಾಗಿ ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿದು, ದೇಹದ ರಕ್ತ ಹೃದಯದತ್ತ ಸರಾಗವಾಗಿ ಬರುತ್ತದೆ. ಯಂತ್ರ ಗಾಳಿಯನ್ನು ಒಳಕ್ಕೆ ತಳ್ಳಿದಾಗ ನಡೆಯುವುದು ಇದರ ತಿರುವುಮುರುವು: ಎದೆಯ ಒತ್ತಡ ಏರಿ, ಮರಳುವ ರಕ್ತ ತಗ್ಗುತ್ತದೆ. ಬಾರದ ರಕ್ತವನ್ನು ಹೃದಯ ತಳ್ಳುವುದಾದರೂ ಹೇಗೆ?

ಕೂರ್ನಾಂಡ್ ಇಷ್ಟಕ್ಕೇ ನಿಲ್ಲಲಿಲ್ಲ. ಬೇರೆ ಬೇರೆ ಬಗೆಯಲ್ಲಿ ಒತ್ತಡ ಕೊಟ್ಟು ಹೋಲಿಸಿದರು. ಒತ್ತಡ ನಿಧಾನವಾಗಿ ಏರಿ, ಥಟ್ಟನೆ ಇಳಿದು, ಉಸಿರು ಬಿಡುವಾಗ ಹೊರಗಿನ ವಾಯುಒತ್ತಡಕ್ಕೆ ಸಮೀಪವಿದ್ದು, ಬಿಡುವ ಸಮಯ ಎಳೆಯುವ ಸಮಯಕ್ಕಿಂತ ಕಡಿಮೆಯಾಗದಿದ್ದರೆ ಹೃದಯ ಚೇತರಿಸಿಕೊಳ್ಳುತ್ತದೆ ಎಂದು ಕಂಡುಕೊಂಡರು. ಉಸಿರು ಬಿಡುವ ಆ ವಿರಾಮದಲ್ಲೇ ಹೃದಯ ತುಂಬಿಕೊಳ್ಳುತ್ತದೆ.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ವೈದ್ಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು ಕೈಯಿಂದ ಚೀಲ ಒತ್ತಿ ರೋಗಿಗಳಿಗೆ ಗಾಳಿ ಕೊಟ್ಟರು. ಒತ್ತಡದ ಉಸಿರಾಟ ಆಸ್ಪತ್ರೆಗಳಲ್ಲಿ ಬೇರೂರಿತು. 1956ರಲ್ಲಿ ಹೃದಯ ಕ್ಯಾತಿಟರ್ ಕೆಲಸಕ್ಕಾಗಿ ಕೂರ್ನಾಂಡ್, ರಿಚರ್ಡ್ಸ್ ಮತ್ತು ಫೋರ್ಸ್‌ಮನ್ ನೊಬೆಲ್ ಹಂಚಿಕೊಂಡರು. ಕೂರ್ನಾಂಡ್ 1986ರಲ್ಲಿ ಆತ್ಮಕಥೆ ಪ್ರಕಟಿಸಿ, 1988ರ ಫೆಬ್ರುವರಿ 19ರಂದು ಮ್ಯಾಸಚೂಸೆಟ್ಸ್‌ನಲ್ಲಿ ತೀರಿಕೊಂಡರು.

ಅವರ ಲೆಕ್ಕ ಇಂದಿಗೂ ಹಾಸಿಗೆಯ ಪಕ್ಕ ಕೆಲಸಕ್ಕೆ ಬರುತ್ತದೆ. ವಾಂತಿಭೇದಿಯಿಂದಲೋ ರಕ್ತಸ್ರಾವದಿಂದಲೋ ಬಸವಳಿದವರಿಗೆ ಯಂತ್ರದ ಒತ್ತಡ ಹೆಚ್ಚು ಬಾಧಿಸುತ್ತದೆ. ಆದ್ದರಿಂದ ಸಾಧ್ಯವಿದ್ದಷ್ಟು ದ್ರವ, ಔಷಧಿಗಳಿಂದ ರಕ್ತದೊತ್ತಡ ಸಂಭಾಳಿಸಿಕೊಂಡೇ ಕೊಳವೆ ಹಾಕುತ್ತೇವೆ. ತೀವ್ರ ಆಸ್ತಮಾದಲ್ಲಿ ಅವಸರವಾಗಿ ಗಾಳಿ ತಳ್ಳಿದರೆ ಹೊರಹೋಗದ ಗಾಳಿ ಎದೆಯಲ್ಲಿ ಸಿಕ್ಕಿಬಿದ್ದು ಹೃದಯವನ್ನು ಅದುಮುತ್ತದೆ. ಅಲ್ಲಿ ಉಸಿರಿನ ಸಂಖ್ಯೆ ತಗ್ಗಿಸುವುದೇ ಚಿಕಿತ್ಸೆ. ಇನ್ನು ಎಡಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಇದೇ ಒತ್ತಡ ಹೃದಯದ ಹೊರೆ ಇಳಿಸಿ ನೆರವಾಗಬಹುದು. ಯಂತ್ರ ಒಂದೇ, ಪರಿಣಾಮ ರೋಗಿಯಿಂದ ರೋಗಿಗೆ ಬೇರೆ. ಮಾನಿಟರ್‌ನಲ್ಲಿ ಆಮ್ಲಜನಕದ ಅಂಕಿ ಏರಿತೆಂದು ಸಮಾಧಾನಪಟ್ಟುಕೊಂಡರೆ ಸಾಲದು. ಆ ಆಮ್ಲಜನಕವನ್ನು ಹೊತ್ತೊಯ್ಯುವ ರಕ್ತ ಮೂತ್ರಪಿಂಡಕ್ಕೆ, ಮಿದುಳಿಗೆ ತಲುಪುತ್ತಿದೆಯೇ ಎಂದು ನೋಡುವವರೆಗೆ ವೆಂಟಿಲೇಟರ್ ಹಾಕುವ ಕೆಲಸ ಅರ್ಧವಷ್ಟೇ ಆಗಿರುತ್ತದೆ.