ತಾಳೆಗರಿಗಳ ನಡುವೆ ಒಬ್ಬ ನ್ಯಾಯಾಧೀಶ

‘ಹಾಬ್ಸನ್-ಜಾಬ್ಸನ್’ ಎಂಬ ವಿಚಿತ್ರ ಹೆಸರಿನ ಆಂಗ್ಲೋ-ಇಂಡಿಯನ್ ನಿಘಂಟನ್ನು ತಿರುವಿ ಹಾಕಿದವರು ಅದರ ಮುಖಪುಟದಲ್ಲಿ ಹೆನ್ರಿ ಯೂಲ್ ಅವರ ಜೊತೆಗೆ ಎ.ಸಿ. ಬರ್ನೆಲ್ ಎಂಬ ಹೆಸರನ್ನೂ ಕಂಡಿರುತ್ತಾರೆ. 1886ರಲ್ಲಿ ಆ ಗ್ರಂಥ ಹೊರಬಂದಾಗ ಬರ್ನೆಲ್ ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ನಿಘಂಟು ರಚನೆ ಅವರ ವೃತ್ತಿಯಾಗಿರಲಿಲ್ಲ. ಅವರು ಮದ್ರಾಸ್ ಪ್ರಾಂತದ ಜಿಲ್ಲಾ ನ್ಯಾಯಾಧೀಶರು; ಕೆಲಕಾಲ ನಮ್ಮ ಮಂಗಳೂರಿನಲ್ಲಿಯೂ ನ್ಯಾಯಪೀಠದಲ್ಲಿದ್ದವರು.

1840ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಹುಟ್ಟಿದ ಬರ್ನೆಲ್, ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿ 1860ರಲ್ಲಿ ಸಿವಿಲ್ ಸೇವೆಯ ಅಧಿಕಾರಿಯಾಗಿ ಮದ್ರಾಸಿಗೆ ಬಂದರು. ಆ ದಶಕದಲ್ಲಿ ನ್ಯಾಯಾಲಯಗಳ ರೀತಿಯೇ ಬದಲಾಗುತ್ತಿತ್ತು. ಹಿಂದೂಗಳ ದಾಯಭಾಗದ ವ್ಯಾಜ್ಯಗಳಲ್ಲಿ ಶಾಸ್ತ್ರಾರ್ಥ ಹೇಳಲು ನ್ಯಾಯಾಲಯಗಳಲ್ಲಿ ನೇಮಕಗೊಂಡಿದ್ದ ಪಂಡಿತರ ಹುದ್ದೆಗಳನ್ನು ಸರ್ಕಾರ 1864ರಲ್ಲಿ ರದ್ದುಪಡಿಸಿತು. ಅಲ್ಲಿಂದಾಚೆಗೆ ಸಂಸ್ಕೃತವರಿಯದ ನ್ಯಾಯಾಧೀಶರಿಗೆ ಇಂಗ್ಲಿಷ್ ಅನುವಾದಗಳೇ ಗತಿ. ದಕ್ಷಿಣದಲ್ಲಿ ಮನ್ನಣೆ ಪಡೆದ ಗ್ರಂಥಗಳಲ್ಲಿ ಅನುವಾದಗೊಂಡಿದ್ದವು ಕೆಲವೇ. ಸಂಸ್ಕೃತ ಬಲ್ಲ ಬರ್ನೆಲ್ ತಾವೇ ಲೇಖನಿ ಹಿಡಿದರು. ವಿಜಯನಗರದ ಕಾಲದ ಮಾಧವೀಯದಿಂದ ದಾಯವಿಭಾಗವನ್ನು 1868ರಲ್ಲಿ, ವರದರಾಜನ ವ್ಯವಹಾರನಿರ್ಣಯದಿಂದ ದಾಯದ ಭಾಗವನ್ನು 1872ರಲ್ಲಿ ಇಂಗ್ಲಿಷಿಗೆ ತಂದರು.

ಅವರ ಬಗೆಗೆ ನನಗೆ ಗೌರವ ಮೂಡುವುದು ಈ ಅನುವಾದಗಳಿಗಿಂತ ಹೆಚ್ಚಾಗಿ ಅವುಗಳ ಜೊತೆಗೆ ಅವರು ನೀಡಿದ ಎಚ್ಚರಿಕೆಗಾಗಿ. ಈ ನಿಬಂಧಗಳು ಯಾವ ಅರಸನೂ ಜಾರಿಗೆ ತಂದ ಕಾನೂನು ಸಂಹಿತೆಗಳಲ್ಲ, ಅತ್ಯಲ್ಪ ಜನರಿಗೆ ಮಾತ್ರ ಅರ್ಥವಾಗುವ ಭಾಷೆಯಲ್ಲಿ ಬರೆದವು ಎಂದು ಅವರು ಕಂಡುಕೊಂಡಿದ್ದರು. ತುಳುನಾಡಿನಲ್ಲಂತೂ ಅಕ್ಕತಂಗಿಯರ ಮಕ್ಕಳಿಗೆ ಆಸ್ತಿ ಹೋಗುವ ಅಳಿಯಸಂತಾನ ಪದ್ಧತಿಗೆ ಮನುವಿನಲ್ಲಿಯೋ ಮಾಧವನಲ್ಲಿಯೋ ಆಧಾರ ಹುಡುಕುವುದು ವ್ಯರ್ಥ. ಗ್ರಂಥವನ್ನು ಬಲ್ಲವರೇ ಗ್ರಂಥದ ಮಿತಿಯನ್ನು ಹೇಳಿದರು. ಆದರೂ ವಸಾಹತು ನ್ಯಾಯಾಲಯಗಳು ಊರೂರಿನ ರೂಢಿಗಿಂತ ಅಚ್ಚಾದ ಪುಸ್ತಕವನ್ನೇ ಹೆಚ್ಚಾಗಿ ನೆಚ್ಚಿದವು. ಬರ್ನೆಲ್‌ರ ಅನುವಾದಗಳೂ ಆ ಪುಸ್ತಕಗಳ ಸಾಲಿಗೇ ಸೇರಿದವು ಎಂಬುದನ್ನು ಮರೆಯಲಾಗದು.

1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಅವರ ದಕ್ಷಿಣ ಭಾರತೀಯ ಲಿಪಿಶಾಸ್ತ್ರದ ಗ್ರಂಥ ಶಾಸನ, ತಾಮ್ರಪಟಗಳ ಆಧಾರದಿಂದ ನಮ್ಮ ಲಿಪಿಗಳ ಬೆಳವಣಿಗೆಯನ್ನು ನಿರೂಪಿಸಿತು. ಅವರಿಗೆ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಸಂದಿತು. ಅವರ ಕಾಗದಪತ್ರಗಳಲ್ಲಿದ್ದ ತುಳು ಪಾಡ್ದನಗಳು ಮತ್ತು ಭೂತಾರಾಧನೆಯ ವಿವರಗಳು 1894ರಿಂದ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಪ್ರಕಟವಾದವು. ಶೀರ್ಷಿಕೆಯಲ್ಲಿ ದೈವಗಳನ್ನು ಪಿಶಾಚಿಗಳೆಂದು ಕರೆದದ್ದು ಇಂದಿಗೂ ಕಸಿವಿಸಿ ಉಂಟುಮಾಡುತ್ತದೆ. ಆದರೂ ಪಾಡ್ದನಗಳ ಅಧ್ಯಯನಕ್ಕೆ ಆ ಪಾಠಗಳನ್ನು ಬದಿಗಿಟ್ಟು ಹೊರಡುವುದು ಕಷ್ಟ.

ಮುಂದೆ ತಂಜಾವೂರಿನಲ್ಲಿ ನ್ಯಾಯಾಧೀಶರಾಗಿದ್ದಾಗ ಅಲ್ಲಿನ ಅರಮನೆಯ ಸಂಸ್ಕೃತ ಹಸ್ತಪ್ರತಿಗಳನ್ನು ವಿಷಯವಾರು ಸೂಚಿಗೆ ತರುವ ಹೊಣೆ ಅವರ ಪಾಲಿಗೆ ಬಂತು. ನಾಯಕರು ಮತ್ತು ಮರಾಠಾ ಅರಸರು ತಲೆಮಾರುಗಳ ಕಾಲ ಕೂಡಿಟ್ಟ ಭಂಡಾರವದು. ಹಗಲು ದಾವೆಗಳ ವಿಚಾರಣೆ, ಉಳಿದ ಹೊತ್ತು ತಾಳೆಗರಿ. ಮೊದಲೇ ದುರ್ಬಲವಾಗಿದ್ದ ದೇಹ ಕಾಲರಾ ಮತ್ತು ಪಾರ್ಶ್ವವಾಯುವಿನಿಂದ ಜರ್ಜರಿತವಾಯಿತು. ಸೂಚಿ 1880ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಬಳಿಕ, 1882ರ ಅಕ್ಟೋಬರ್ 12ರಂದು, ಅವರು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 42 ವರ್ಷ. ಅರ್ಧಕ್ಕೆ ನಿಂತಿದ್ದ ಮನುಸ್ಮೃತಿಯ ಅನುವಾದವನ್ನು ಅಮೆರಿಕದ ವಿದ್ವಾಂಸ ಎಡ್ವರ್ಡ್ ಹಾಪ್ಕಿನ್ಸ್ ಪೂರ್ಣಗೊಳಿಸಿ 1884ರಲ್ಲಿ ಹೊರತಂದರು.

ತಂಜಾವೂರಿನ ಭಂಡಾರ 1918ರಲ್ಲಿ ಸಾರ್ವಜನಿಕ ಗ್ರಂಥಾಲಯವಾಯಿತು. ಅದೇ ಇಂದಿನ ಸರಸ್ವತಿ ಮಹಲ್. ಬರ್ನೆಲ್ ತಾವೇ ಸಂಗ್ರಹಿಸಿ 1870ರಲ್ಲಿ ಇಂಡಿಯಾ ಆಫೀಸ್ ಗ್ರಂಥಾಲಯಕ್ಕೆ ಕೊಟ್ಟ ಸುಮಾರು 350 ಹಸ್ತಪ್ರತಿಗಳು ಮಾತ್ರ ಲಂಡನ್ನಿನಲ್ಲಿಯೇ ಉಳಿದಿವೆ.