ಮನೆ ಕೆಡವದೆ ಓಣಿ ಸುಧಾರಿಸಿದ ಪ್ಯಾಟ್ರಿಕ್ ಗೆಡ್ಡಿಸ್

ಡಫಳಾಪುರ: ಗಾವಠಾಣದ ಆಚೆ ಸ್ವಂತ ಹೊಲದಲ್ಲಿ ನಾಲ್ಕು ಖೋಲಿ ಕಟ್ಟಬೇಕೆಂದರೂ ಸಾತಬಾರಾ ಉತಾರೆ ಹಿಡಿದು ಕಚೇರಿಗೆ ಓಡಾಡುವುದು ಇಲ್ಲಿಯ ರೈತರಿಗೆ ಹೊಸದಲ್ಲ. ಇಲ್ಲಿ ಅದಕ್ಕೆ ಬಿನಶೇತಿ ಎನ್ನುತ್ತಾರೆ. ಗಡಿಯಾಚೆ ಅಥಣಿ, ವಿಜಾಪುರ ಕಡೆಯ ಬೀಗರು ಪಹಣಿ ಹಿಡಿದು ಎನ್.ಎ. ಮಾಡಿಸಲು ಓಡಾಡುತ್ತಾರೆ. ಇಂಥ ಜಾಗ ಮನೆಗೆ, ಇಂಥದು ಪೇಟೆಗೆ, ಇಂಥದು ಬೇಸಾಯಕ್ಕೆ ಎಂದು ನಕಾಶೆಯಲ್ಲಿ ಬಣ್ಣ ಬಳಿಯುವವರು ಯಾರು? ಹೊಸ ರಸ್ತೆಯ ಗೆರೆ ತಮ್ಮ ಮನೆಯ ಮೇಲೆ ಹಾದರೆ ತಕರಾರು ಹೇಳಬೇಕಾದದ್ದು ಯಾರಿಗೆ? ನೂರು ವರ್ಷದ ಹಿಂದೆ ಹಿಂದುಸ್ತಾನದ ಊರೂರು ತಿರುಗಿ ಇದೇ ಪ್ರಶ್ನೆ ಎತ್ತಿದ ಒಬ್ಬ ಗಡ್ಡದ ಸಾಹೇಬರಿದ್ದರು. ಅವರ ಹೆಸರು ಪ್ಯಾಟ್ರಿಕ್ ಗೆಡ್ಡಿಸ್. ನಗರ ಯೋಜನೆ ಕಲಿಯುವ ವಿದ್ಯಾರ್ಥಿಗಳೆಲ್ಲ ಬಲ್ಲ ಈ ಹೆಸರು ಹಳ್ಳಿಗಳಿಗೆ ಮುಟ್ಟಿದ್ದು ಕಡಿಮೆ.

ಅವರು ಬರುವ ಹೊತ್ತಿಗೆ ದೇಶದ ಸ್ಥಿತಿ ಹೇಗಿತ್ತೆಂಬುದನ್ನು ಮೊದಲು ತಿಳಿಯಬೇಕು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ಈ ಭಾಗದ ಹಿರಿಯರು ತಮ್ಮ ಅಜ್ಜ-ಅಜ್ಜಿಯರ ಬಾಯಿಂದ ಕೇಳಿದ್ದಾರೆ. ರೋಗಕ್ಕೆ ಇಕ್ಕಟ್ಟಾದ ಓಣಿಗಳೇ ಕಾರಣವೆಂದು ಸರಕಾರ ನಂಬಿತು. 1898ರಲ್ಲಿ ಮುಂಬಯಿಯಲ್ಲಿ ಸುಧಾರಣಾ ಟ್ರಸ್ಟ್ ಹುಟ್ಟಿತು. ಅದು ಬಡವರ ವಸತಿ ಕೆಡವಿ ಅಗಲ ರಸ್ತೆ ಹಾಕಿತು. ಬೆಂಗಳೂರಿನಲ್ಲಿ ಅದೇ ಪ್ಲೇಗಿನ ನಂತರ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಬಡಾವಣೆಯೇನೋ ಚೆಂದವೇ. ಆದರೆ ಮುಂಬಯಿಯಲ್ಲಿ ಮನೆ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು? ಪಕ್ಕದ ಓಣಿಗೇ ಹೋಗಿ ಅಲ್ಲಿ ಇನ್ನಷ್ಟು ಇಕ್ಕಟ್ಟು ಮಾಡಿದರು.

ಗೆಡ್ಡಿಸ್ ಹುಟ್ಟಿದ್ದು 1854ರ ಅಕ್ಟೋಬರ್ 2ರಂದು, ಸ್ಕಾಟ್‌ಲೆಂಡಿನ ಬ್ಯಾಲಟರ್ ಎಂಬ ಸಣ್ಣ ಊರಿನಲ್ಲಿ. ತಂದೆ ದಂಡಿನಲ್ಲಿದ್ದವರು. ಮಗ ಓದಿದ್ದು ಜೀವಶಾಸ್ತ್ರ, ಲಂಡನ್ನಿನಲ್ಲಿ ಹೆಸರಾಂತ ವಿಜ್ಞಾನಿ ಥಾಮಸ್ ಹಕ್ಸ್ಲಿಯವರ ಬಳಿ. ಆದರೆ ಯಾವ ಪದವಿಯನ್ನೂ ಪಡೆಯಲಿಲ್ಲ. ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಸೇರಿ ಒಂದೇ ವಾರದಲ್ಲಿ ಬಿಟ್ಟುಬಂದ ಈ ಮನುಷ್ಯ ಮುಂದೆ ಪ್ರಾಧ್ಯಾಪಕರಾದದ್ದು ಸೋಜಿಗವೇ ಸರಿ!

1879ರಲ್ಲಿ ಮೆಕ್ಸಿಕೋ ದೇಶಕ್ಕೆ ಹೋದಾಗ ಅವರ ಕಣ್ಣು ಕೆಟ್ಟವು. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿರಬೇಕಾಯಿತು. ಕಾಗದ ಮಡಚಿ ಚೌಕಗಳನ್ನು ಮಾಡಿ, ಬೆರಳಿನಿಂದ ಮುಟ್ಟುತ್ತ, ಒಂದೊಂದು ಚೌಕಕ್ಕೆ ಒಂದೊಂದು ವಿಚಾರ ಜೋಡಿಸುವುದನ್ನು ಅಲ್ಲಿಯೇ ರೂಢಿಸಿಕೊಂಡರು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕದ ಕೆಲಸ ಕಷ್ಟವಾಯಿತು. ಗಿಡಮರಗಳ ವಿದ್ವಾಂಸ ಊರುಗಳತ್ತ ತಿರುಗಿದ್ದಕ್ಕೆ ಇದೂ ಒಂದು ಕಾರಣ.

1886ರಲ್ಲಿ ಆ್ಯನಾ ಮಾರ್ಟನ್ ಅವರೊಂದಿಗೆ ಮದುವೆಯಾಯಿತು. ಹೊಸ ದಂಪತಿ ಸಿರಿವಂತರ ಪೇಟೆ ಬಿಟ್ಟು ಎಡಿನ್‌ಬರೊದ ಹಳೆಯ ಊರಿನ ಜೇಮ್ಸ್ ಕೋರ್ಟ್ ಎಂಬ ಕೊಳಕು ವಠಾರದಲ್ಲಿ ಸಂಸಾರ ಹೂಡಿದರು. ನೆರೆಯವರನ್ನು ಕೂಡಿಸಿ ಗೋಡೆಗೆ ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂವಿನ ಗಿಡ ಇಟ್ಟರು, ತೀರ ಹಾಳಾದ ಮನೆಯನ್ನಷ್ಟೇ ತೆಗೆದು ಅಂಗಳ ಮಾಡಿದರು. ಅವರ ಮುಂದಿನ ಸಿದ್ಧಾಂತವೆಲ್ಲ ಈ ಒಂದು ವಠಾರದಿಂದ ಬೆಳೆದದ್ದೆಂದರೆ ತಪ್ಪಾಗದು.

ಮದರಾಸು ಗವರ್ನರ್ ಪೆಂಟ್ಲಂಡ್ ಅವರ ಕರೆಯ ಮೇರೆಗೆ 1914ರಲ್ಲಿ ಗೆಡ್ಡಿಸ್ ಹಿಂದುಸ್ತಾನಕ್ಕೆ ಬಂದರು. ಆಗ ಅವರಿಗೆ ಅರವತ್ತು ವರ್ಷ, ಉಳಿದವರು ಪೆನ್ಷನ್ ಎಣಿಸುವ ವಯಸ್ಸು. ಅವರ ನಗರ ಪ್ರದರ್ಶನದ ನಕಾಶೆ, ಚಿತ್ರಗಳೆಲ್ಲ ಕ್ಲಾನ್ ಗ್ರಾಂಟ್ ಎಂಬ ಹಡಗಿನಲ್ಲಿ ಹಿಂದಿನಿಂದ ಬರುತ್ತಿದ್ದವು. ಮದರಾಸಿಗೆ ಗುಂಡು ಹಾಕಿದ ಜರ್ಮನ್ ಯುದ್ಧನೌಕೆ ಎಮ್ಡನ್ ಈ ಹಡಗನ್ನೂ ಮುಳುಗಿಸಿತು. ವರ್ಷಗಟ್ಟಲೆ ಕೂಡಿಟ್ಟದ್ದು ಸಮುದ್ರದ ಪಾಲಾಯಿತು. ಗೆಳೆಯರು ಹೊಸದಾಗಿ ನಕಾಶೆ ಕೂಡಿಸಿ ಕಳಿಸಿದರು. 1915ರ ಆರಂಭದಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆದೇಬಿಟ್ಟಿತು.

ಆ ವರ್ಷ ಅವರು ಮದರಾಸು ಪ್ರಾಂತದ ಊರುಗಳನ್ನು ನೋಡಿ ವರದಿ ಬರೆದರು. ಆಗ ಮದರಾಸಿಗೆ ಸೇರಿದ್ದ ಬಳ್ಳಾರಿಯೂ ಅವುಗಳಲ್ಲಿತ್ತು. ಮುಂಬಯಿ ಪ್ರಾಂತದಲ್ಲಿ ಠಾಣೆ, ಸೂರತ್, ಅಹಮದಾಬಾದ್ ಮುಂತಾದ ಊರುಗಳಿಗೆ ಹೋದರು. ಕಚೇರಿಯಲ್ಲಿ ಕುಳಿತು ಪಟ್ಟಿ ಹಿಡಿದು ನೇರ ಗೆರೆ ಎಳೆಯುವ ಇಂಜಿನಿಯರರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ತಾವು ಬೆಳಿಗ್ಗೆಯೇ ನಕಾಶೆ ಹಿಡಿದು ಗಲ್ಲಿ ಗಲ್ಲಿ ನಡೆಯುತ್ತಿದ್ದರು. ಯಾವ ಮನೆ ಗಟ್ಟಿ, ಯಾವುದು ಬಿದ್ದುಹೋಗಿದೆ, ಬಾವಿ ಎಲ್ಲಿ, ಗುಡಿ ಎಲ್ಲಿ, ಬೇವಿನ ಮರ ಎಲ್ಲಿ, ಹೆಂಗಸರು ನೀರಿಗೆ ಹೋಗುವ ದಾರಿ ಯಾವುದು ಎಂದು ಗುರುತು ಹಾಕಿಕೊಳ್ಳುತ್ತಿದ್ದರು. ತಂಜಾವೂರಿನಲ್ಲಿ ಅಗಲ ರಸ್ತೆಗಾಗಿ ಸಾಲುಸಾಲು ಮನೆ ಕೆಡವುವ ಯೋಜನೆ ಸಿದ್ಧವಿತ್ತು. ಹಾಳುಬಿದ್ದ ಕೆಲವು ಮನೆಗಳನ್ನಷ್ಟೇ ತೆಗೆದು ಗಾಳಿ ಬೆಳಕಿಗೆ ಜಾಗ ಮಾಡಿದರೆ ಅದರ ಅಲ್ಪ ಭಾಗದ ಖರ್ಚಿನಲ್ಲಿ ಕೆಲಸ ಆಗುತ್ತದೆಂದು ಅವರು ಲೆಕ್ಕ ಹಾಕಿ ತೋರಿಸಿದರು. ಒಳ್ಳೆಯ ವೈದ್ಯ ಕೆಟ್ಟ ಹಲ್ಲನ್ನಷ್ಟೇ ಕೀಳುವ ಹಾಗೆ ಇದು.

ಕೆರೆಯ ವಿಷಯದಲ್ಲಿಯೂ ಅವರ ಮಾತು ಬೇರೆ. ಸೊಳ್ಳೆಯ ಕಾರಣ ಹೇಳಿ ಆಗಿನ ಆರೋಗ್ಯ ಅಧಿಕಾರಿಗಳು ಊರ ಕೆರೆ ಮುಚ್ಚಿಸುತ್ತಿದ್ದರು. ಕೆರೆ ಮುಚ್ಚಬೇಡಿ, ಹೂಳೆತ್ತಿ ಮೀನು ಬಿಡಿ, ಬಾತುಕೋಳಿ ಸಾಕಿ, ಅವೇ ಹುಳು ತಿಂದು ಮುಗಿಸುತ್ತವೆ ಎಂಬುದು ಗೆಡ್ಡಿಸರ ವಾದವಾಗಿತ್ತು. ಕೊಡ ನೀರಿಗೆ ಟ್ಯಾಂಕರಿನ ದಾರಿ ಕಾಯ್ದ ಜತ್ತ ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1915ರಲ್ಲಿ ಮುಂಬಯಿ ಪ್ರಾಂತ ನಗರ ಯೋಜನಾ ಕಾಯ್ದೆ ಮಾಡಿತು. ದೇಶದಲ್ಲಿ ಇಂಥದು ಮೊದಲನೆಯದು. ಅಡ್ಡಾದಿಡ್ಡಿ ಜಮೀನುಗಳನ್ನು ಒಟ್ಟು ಮಾಡಿ, ರಸ್ತೆಗೆ ಜಾಗ ತೆಗೆದು, ಉಳಿದದ್ದನ್ನು ಸರಿಯಾದ ಪ್ಲಾಟ್ ಮಾಡಿ ಮಾಲೀಕರಿಗೇ ಹಿಂತಿರುಗಿಸುವ ಪದ್ಧತಿ ಅದರಲ್ಲಿತ್ತು. ಕರಡು ಯೋಜನೆ ಪ್ರಕಟಿಸಬೇಕು, ಜನರ ತಕರಾರು ಕೇಳಬೇಕು, ತಂಟೆ ಉಳಿದರೆ ಪಂಚರು ತೀರ್ಮಾನಿಸಬೇಕು. ಕಾಯ್ದೆ ಬರೆದವರು ಗೆಡ್ಡಿಸ್ ಅಲ್ಲ. ಆದರೆ ಮೊದಲು ಸಮೀಕ್ಷೆ, ಆಮೇಲೆ ಯೋಜನೆ ಎಂಬ ಮಾತನ್ನು ಅವರಷ್ಟು ಹಟ ಹಿಡಿದು ಹೇಳಿದವರು ಬೇರೆ ಇಲ್ಲ. ಆ ಕಾಯ್ದೆಯ ಜಾಗಕ್ಕೆ 1954ರ ಮುಂಬಯಿ ಕಾಯ್ದೆ ಬಂತು. ಬಳಿಕ ಕರ್ನಾಟಕದ ಕಡೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಮಹಾರಾಷ್ಟ್ರಕ್ಕೆ 1966ರ ಪ್ರಾದೇಶಿಕ ಮತ್ತು ನಗರ ರಚನಾ ಕಾಯ್ದೆ ಬಂದವು. ಎರಡರಲ್ಲಿಯೂ ಯೋಜನೆ ಗಟ್ಟಿಯಾಗುವ ಮೊದಲು ಜನರ ಆಕ್ಷೇಪಣೆ, ಸಲಹೆ ಕೇಳಲೇಬೇಕು. ಕಟ್ಟುವವರ ಅರ್ಜಿ ಆ ಯೋಜನೆಗೆ ಹೊಂದುತ್ತದೆಯೇ ಎಂದು ನೋಡಿ ಪರವಾನಿಗೆ ಕೊಡಬೇಕು. ಪೇಪರಿನ ಮೂಲೆಯಲ್ಲಿ ಬರುವ ಆ ನೋಟೀಸನ್ನು ಎಷ್ಟು ಜನ ಓದುತ್ತಾರೆ ಎಂಬುದು ಬೇರೆ ಮಾತು.

1917 ಗೆಡ್ಡಿಸರಿಗೆ ಕೆಟ್ಟ ವರ್ಷ. ಡಫಳಾಪುರದ ಜಹಗೀರು ಜತ್ತ ಸಂಸ್ಥಾನಕ್ಕೆ ಸೇರಿದ್ದೂ ಅದೇ ವರ್ಷ. ಏಪ್ರಿಲ್‌ನಲ್ಲಿ ಹಿರಿಯ ಮಗ ಆ್ಯಲಸ್ಟರ್ ಫ್ರಾನ್ಸಿನ ರಣರಂಗದಲ್ಲಿ ಮಡಿದ. ಪತ್ನಿ ಆ್ಯನಾ ಹಿಂದುಸ್ತಾನದಲ್ಲಿಯೇ ಜ್ವರದಿಂದ ಹಾಸಿಗೆ ಹಿಡಿದಿದ್ದರು. ಮಗನ ಸಾವಿನ ಸುದ್ದಿಯನ್ನು ಗೆಡ್ಡಿಸ್ ಆಕೆಯಿಂದ ಮುಚ್ಚಿಟ್ಟರು. ಅದು ತಿಳಿಯದೆಯೇ ಆಕೆ ಜೂನ್‌ನಲ್ಲಿ ಕಣ್ಣು ಮುಚ್ಚಿದರು. ಎರಡು ತಿಂಗಳಲ್ಲಿ ಇಬ್ಬರನ್ನು ಕಳೆದುಕೊಂಡ ಮುದುಕ ಕೆಲಸ ಬಿಡಲಿಲ್ಲ.

ಇಂದೂರಿನ ಹೋಳಕರ ದರಬಾರು ಅವರನ್ನು ಕರೆಸಿಕೊಂಡಿತು. ಅಲ್ಲಿ ಪ್ಲೇಗಿನ ಕಾಟ. ನಕಾಶೆ ಹಿಡಿದು ಬಂದ ಸಾಹೇಬನೆಂದರೆ ಮನೆ ಕೆಡವಲು ಬಂದವನೆಂದೇ ಜನ ಹೆದರಿ ದೂರ ಸರಿಯುತ್ತಿದ್ದರು. ಗೆಡ್ಡಿಸ್ ಮಹಾರಾಜರನ್ನು ಕೇಳಿ ಒಂದು ದಿನದ ಅಧಿಕಾರ ಪಡೆದರು. ದೀಪಾವಳಿಗೆ ಭಾರಿ ಮೆರವಣಿಗೆ, ಯಾವ ಬೀದಿಯವರು ಹೆಚ್ಚು ಸ್ವಚ್ಛ ಮಾಡಿ ಮನೆ ರಿಪೇರಿ ಮಾಡಿ ಗಿಡ ಹಚ್ಚುತ್ತಾರೋ ಅಲ್ಲಿಂದಲೇ ಅದು ಹಾಯುತ್ತದೆ ಎಂದು ಡಂಗುರ ಸಾರಿಸಿದರು. ಹಿಂದೂ-ಮುಸಲ್ಮಾನರೆನ್ನದೆ ಎಲ್ಲರೂ ಪೊರಕೆ ಹಿಡಿದರು. ಬಂಡಿಗಟ್ಟಲೆ ಕಸ ಊರ ಹೊರಗೆ ಹೋಯಿತು, ಇಲಿಗಳು ಬೋನಿಗೆ ಬಿದ್ದವು. ಮೆರವಣಿಗೆಯಲ್ಲಿ ಆನೆ, ಒಂಟೆ, ಕುದುರೆ. ಹಿಂದೆ ಕೊಳಕಿನ ರಾಕ್ಷಸ, ಪ್ಲೇಗಿನ ದೊಡ್ಡ ಇಲಿ. ಅದರ ಹಿಂದೆ ಊರಿನ ಕಸಗುಡಿಸುವವರು ಬಿಳಿ ಬಟ್ಟೆ ಉಟ್ಟು, ಕೊರಳಲ್ಲಿ ಹೂಮಾಲೆ ಹಾಕಿಕೊಂಡು ನಡೆದರು. ಹಬ್ಬದ ಮೆರವಣಿಗೆಯಲ್ಲಿ ಅವರಿಗೆ ಅಂಥ ಜಾಗ ಸಿಗುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಕೊನೆಗೆ ರಾಕ್ಷಸನನ್ನೂ ಇಲಿಯನ್ನೂ ಸುಟ್ಟು, ಮನೆಮನೆಗೆ ತುಳಸಿ ಸಸಿ ಹಂಚಿದರು. 1918ರಲ್ಲಿ ಇಂದೂರಿನ ವರದಿ ಎರಡು ಸಂಪುಟಗಳಲ್ಲಿ ಅಚ್ಚಾಯಿತು.

ಅವರಲ್ಲಿ ಕುಂದುಗಳೂ ಇದ್ದವು. ಮಾತು ಗಡ್ಡದಲ್ಲಿಯೇ ಉಳಿಯುತ್ತಿತ್ತು, ಅರ್ಧ ಜನಕ್ಕೆ ಕೇಳುತ್ತಿರಲಿಲ್ಲ. ಹಿಡಿದ ಕೆಲಸ ಮುಗಿಯುವ ಮೊದಲೇ ಹೊಸದಕ್ಕೆ ಕೈ ಹಾಕುತ್ತಿದ್ದರು. ಇಂಜಿನಿಯರರನ್ನು ವರದಿಯಲ್ಲಿಯೇ ಚುಚ್ಚುತ್ತಿದ್ದರಿಂದ ಕೆಲಸ ಮಾಡಬೇಕಾದವರೇ ವೈರಿಗಳಾದರು. ಬರೆದ ವರದಿಗಳಲ್ಲಿ ಬಹಳಷ್ಟು ದಫ್ತರದಲ್ಲಿಯೇ ಉಳಿದವು.

1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಶುರುವಾದಾಗ ಗೆಡ್ಡಿಸರೇ ಅದರ ಮುಖ್ಯಸ್ಥರಾದರು. ಮಾಲವಣದ ಗೋವಿಂದ ಸದಾಶಿವ ಘುರ್ಯೆ ಅವರ ಆಯ್ಕೆಯ ವಿದ್ಯಾರ್ಥಿ. ಗೆಡ್ಡಿಸರ ನಂತರ ವಿಭಾಗ ನಡೆಸಿದವರೂ ಘುರ್ಯೆಯವರೇ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಕಲಿತದ್ದು ಈ ಘುರ್ಯೆಯವರ ಬಳಿ. ಊರೊಳಗೆ ಇದ್ದು ಊರನ್ನು ತಿಳಿಯುವ ರೂಢಿ ಹೀಗೆ ಕನ್ನಡ ನಾಡಿಗೂ ಬಂತು.

ಆರೋಗ್ಯ ಕೆಟ್ಟು 1924ರಲ್ಲಿ ಅವರು ಹಿಂದುಸ್ತಾನ ಬಿಟ್ಟರು. ಮರುವರ್ಷ ಟೆಲ್ ಅವೀವ್ ನಗರಕ್ಕೆ ಯೋಜನೆ ಬರೆದುಕೊಟ್ಟರು. ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ ಒಂದು ವಿದ್ಯಾಲಯ ಕಟ್ಟುವುದರಲ್ಲಿ ಕೊನೆಯ ವರ್ಷಗಳು ಕಳೆದವು. 1932ರಲ್ಲಿ ಸರ್ ಪದವಿ ಬಂತು. ಅದೇ ವರ್ಷ ಏಪ್ರಿಲ್ 17ರಂದು ಅಲ್ಲಿಯೇ ತೀರಿಕೊಂಡರು. ದಫ್ತರದಲ್ಲಿ ಧೂಳು ತಿನ್ನುತ್ತಿದ್ದ ವರದಿಗಳ ಆಯ್ದ ಭಾಗಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಬಂದದ್ದು 1947ರಲ್ಲಿ, ಅವರು ತೀರಿ ಹದಿನೈದು ವರ್ಷಕ್ಕೆ.